ಬಾಲಕ್ಕೆ ಬರೆದ ಸೆರಗು

ಮೋಟಾರು ಅಪರೂಪವಾಗಿದ್ದ ಕಾಲ ಅದು. ಮದುವೆ ಮನೆಯ ಗೋಡೆಗೆ ಚಿತ್ತಾರ ಬರೆಯುವುದು ನನ್ನ ಕೆಲಸ. ಪುಂಡಿ ನಾರಿನ ಕುಂಚ ಕೈಗೆ ಬಂದರೆ ಊಟವೂ ನೆನಪಾಗುತ್ತಿರಲಿಲ್ಲ. ಹಾಗೇ ಒಮ್ಮೆ ಸಿದ್ದಾಪುರದಿಂದ ಯಲ್ಲಾಪುರದ ತನಕ ಎತ್ತಿನ ಗಾಡಿಯಲ್ಲಿ ಹೋದೆ, ಆಫ್ರಿಕಾ ಮೂಲದ ಸಿದ್ದಿಯರ ಗಂಗಕ್ಕನ ಮಗಳ ಮದುವೆಗೆ.

ಅಂಗಳಕ್ಕೆ ಕಾಲಿಟ್ಟರೆ ಗೋಡೆಯ ಮೇಲೆ ಆಗಲೇ ಒಂದು ಚಿತ್ರ. ಗುಂಗುರು ಕೂದಲಿನ ಹೆಣ್ಣು, ಗಾಡಿಯ ಕೀಲೆಣ್ಣೆಯ ಕರಿಯಲ್ಲಿ ಬರೆದದ್ದು.

"ಎಂತ ಚಂದ ಬರೆದಿದ್ದಾರೆ ಅಕ್ಕಾ, ಯಾರ ಕೈ?" ಅಂದುಬಿಟ್ಟೆ.

"ಸರಿಯಾಗಿ ನೋಡು ತಂಗಿ, ಹಿಂದೆ ಬಾಲ ಇದೆ," ಅಂದಳು ಗಂಗಕ್ಕ. "ನಮ್ಮನ್ನ ಮಂಗ ಅಂತ ಆಡಿಕೊಳ್ಳೋರು ಬೆಳಕು ಹರಿಯೋದರೊಳಗೆ ಬರೆದು ಹೋಗಿದ್ದಾರೆ. ಮಗಳು ಹೊರಗೇ ಬರೂದಿಲ್ಲ ಅಂತಾಳೆ. ಸಂಜೆಗೆ ದಿಬ್ಬಣ."

ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನಿಸಿತು. ಅವಸರದಲ್ಲಿ ಕೆಮ್ಮಣ್ಣು ಕಲಸಿ ಬಳಿದೆ. ಎಣ್ಣೆಯ ಮೇಲೆ ಮಣ್ಣು ನಿಲ್ಲುತ್ತದೆಯೇ? ಮೂರು ಸಲ ಬಳಿದರೂ ಆ ಹೆಣ್ಣು ಹಾಗೇ ಇಣುಕಿದಳು.

ಗಂಗಕ್ಕ ನನ್ನ ಕೈ ಹಿಡಿದಳು. "ಸಾಕು ಬಿಡು. ಕೂದಲು ನಮ್ಮದೇ, ಬಣ್ಣ ನಮ್ಮದೇ. ಬಾಲ ಒಂದೇ ನಮ್ಮದಲ್ಲ. ಅದನ್ನ ಸೆರಗು ಮಾಡು. ಹಣೆಗೆ ಬಾಸಿಂಗ ಕಟ್ಟು."

ಬಾಲದ ಎರಡೂ ಬದಿಗೆ ಅಕ್ಕಿಹಿಟ್ಟಿನ ಬಿಳಿ ಗೆರೆ ಎಳೆಯುತ್ತ ಹೋದೆ. ಬಾಲ ಹೋಗಿ ಸೆರಗಿನ ಕರಿ ಪಟ್ಟೆಯಾಯಿತು. ಅಷ್ಟರಲ್ಲಿ ಬಾಗಿಲ ಸಂದಿಯಿಂದ ಮದುಮಗಳ ದನಿ ಬಂತು: "ಅವ್ವಾ, ಮೂಗುತಿ ಬರೆದಿಲ್ಲ."

ಮೂಗುತಿಯನ್ನು ಅವಳೇ ಹೊರಗೆ ಬಂದು ಇಟ್ಟಳು.

ದಿಬ್ಬಣದವರು ಗೋಡೆಯ ಹೆಣ್ಣಿನ ಕೂದಲನ್ನೇ ಹೊಗಳಿದರು. ಅದನ್ನು ಬರೆದವನು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಬುದ್ಧಿ ಹೇಗೇ ಇರಲಿ, ಕೈ ಒಳ್ಳೆಯದಿತ್ತು.