ಬೇರು ಮೇಲಿದ್ದ ಮರ

ಬಸವರಾಜ ಮೇಷ್ಟ್ರು ಬೋರ್ಡಿನ ಮೇಲೆ ಮರ ಬರೆದರೆ ಬೇರು ಮೇಲಿರುತ್ತಿತ್ತು, ಕೊಂಬೆ ಕೆಳಗೆ. ಮೊಳಕಾಲ್ಮೂರಿನವರು. ಚಳ್ಳಕೆರೆಯಲ್ಲಿ ನಮ್ಮ ಮುಂದಿನ ಕೋಣೆ ಬಾಡಿಗೆ ಹಿಡಿದು, ಮೂರು ಕಂಪ್ಯೂಟರ್ ಇಟ್ಟು ಹುಡುಗರಿಗೆ ಜಾವಾ ಅನ್ನೋ ಕಂಪ್ಯೂಟರ್ ಭಾಷೆ ಕಲಿಸುತ್ತಿದ್ದರು. ಸಣಕಲು ಆಳು, ಅಂಗಿಯ ತೋಳಿಗೆಲ್ಲ ಸೀಮೆಸುಣ್ಣ. ಕರೆಂಟು ಹೋದರೆ ಬೋರ್ಡಿನ ಪಾಠ. ಆಗ ಕರೆಂಟು ಇರುವುದಕ್ಕಿಂತ ಹೋಗುವುದೇ ಹೆಚ್ಚು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಾ ಎಲ್ಲಾ ಕೇಳಿಸಿಕೊಳ್ಳುತ್ತಿದ್ದೆ.

"ವಾಹನ ಅನ್ನೋ ಕ್ಲಾಸು, ಅಂದ್ರೆ ಅಚ್ಚು, ಅಪ್ಪ" ಅಂದರು ಮೇಷ್ಟ್ರು ಒಂದು ದಿನ. " ಬಸ್ಸು, ಟ್ರ್ಯಾಕ್ಟರು ಅದರ ಮಕ್ಕಳು. ಗಾಲಿ, ಬ್ರೇಕು ಅಪ್ಪನಿಂದ ಬರ್ತಾವೆ, ಮತ್ತೆ ಬರೀಬೇಕಾಗಿಲ್ಲ. ಟ್ರೈಲರ್ ಎಳೆಯೋದು ಟ್ರ್ಯಾಕ್ಟರಿನ ಸ್ವಂತದ್ದು."

"ಅಪ್ಪನ ಹೆಸರೇ ಬರೀದಿದ್ರೆ?" ಅಂದೆ ಬಾಗಿಲಿಂದಲೇ. ಹುಡುಗರು ನಕ್ಕರು.

"ನಗ್ತೀರೇನ್ರಲೇ? ಇದು ನಿಮಗೊಬ್ರಿಗೂ ಹೊಳೀಲಿಲ್ಲ!" ಎಂದು ಮೇಷ್ಟ್ರು ಬೋರ್ಡಿನ ಮರದ ಬೇರಿಗೆ ಬೆರಳಿಟ್ಟರು. "ಅಜ್ಜಿ, ಆಗ ಆಬ್ಜೆಕ್ಟ್ ಅನ್ನೋದೇ ಅದಕ್ಕೆ ಅಪ್ಪ. ಎಲ್ಲಾ ಕ್ಲಾಸಿನ ಮೂಲ ಇದೇ. ಇದರ ಮೇಲೆ ಯಾರೂ ಇಲ್ಲ."

"ಹಂಗಾದ್ರೆ ಎಲ್ರೂ ನೆಂಟ್ರೇ ಅನ್ನು."

"ಹೌದಜ್ಜಿ. ಜಾವಾದೊಳಗೆ."

ಬಸವರಾಜ ಅನ್ನೋ ಹೆಸರು ಕೇಳಿ ಮೇಷ್ಟ್ರು ನಮ್ಮ ಜಾತಿಯವರೇ ಅಂದುಕೊಂಡಿದ್ದೆ. ಎಂಟು ತಿಂಗಳು ಅಡುಗೆಮನೆಯಲ್ಲಿ ಕೂರಿಸಿ ಮುದ್ದೆ ಇಕ್ಕಿದೆ. ಎಷ್ಟು ಬೈದರೂ ಉಂಡ ತಟ್ಟೆ ತಾವೇ ತೊಳೆದಿಡುತ್ತಿದ್ದರು. ಯಾಕೆಂದು ಆಗ ತಿಳಿಯಲಿಲ್ಲ. ಒಂದು ದಿನ ಮೊಳಕಾಲ್ಮೂರಿನಿಂದ ಬಂದ ನನ್ನ ನಾದಿನಿ ಅವರ ಗುರುತು ಹಿಡಿದಳು.

"ಇವನ ಮನೆ ಊರಾಚೆ ಕಾಲೋನಿಯಾಗೈತೆ ಅತ್ತಿಗೆ. ಒಳಗೆ ಕೂರಿಸ್ಕೊಂಡಿದೀಯಾ?"

ಅವತ್ತೇ ಕೋಣೆ ಖಾಲಿ ಮಾಡು ಅಂದೆ. "ಮೊದಲೇ ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲ ಅಜ್ಜಿ." ಆಮೇಲೆ ತಲೆ ಎತ್ತದೆ ಅಂದರು: "ಎಂಟು ದಿನಕ್ಕೆ ಹುಡುಗರ ಪರೀಕ್ಷೆ ಐತೆ. ಅಲ್ಲಿವರೆಗೆ ಬಿಡ್ರಿ. ನಾನು ಪಡಸಾಲೆನೂ ದಾಟಲ್ಲ."

ಆಗಲ್ಲ ಅಂದೆ. ಕಂಪ್ಯೂಟರುಗಳನ್ನು ಆಟೋಗೆ ಹೇರಿಕೊಂಡು ಹೋದರು. ಹುಡುಗರು ಪರೀಕ್ಷೆಯಲ್ಲಿ ಏನು ಮಾಡಿದರೋ, ಕೇಳಲು ನನಗೆ ಬಾಯಿರಲಿಲ್ಲ.

ಎರಡು ವರ್ಷ ಬಿಟ್ಟು ಮೊಮ್ಮಗಳ ಮದುವೆಯ ಸೀರೆಗೆಂದು ಮೊಳಕಾಲ್ಮೂರಿಗೆ ಹೋದೆ. ಸೀರೆ ಕೊಂಡಮೇಲೆ ಕಾಲೋನಿಯ ದಾರಿ ಕೇಳಿಕೊಂಡು ನಡೆದೆ. ಮೇಷ್ಟ್ರ ಮನೆಗೆ ಬೀಗ. ಪಕ್ಕದ ಮನೆಯವಳು ಹೊರಗೆ ಬಂದಳು.

"ಅವರವ್ವ ತೀರಿಕೊಂಡ್ಮೇಲೆ ಬಳ್ಳಾರಿ ಕಡೆ ಹೋದ್ರು. ಯಾವ ಊರೋ ಗೊತ್ತಿಲ್ಲ. ಬಿಸಿಲೈತೆ, ಒಳಗೆ ಬರ್ರಿ ಅವ್ವ."

ಹೋಗಲಿಲ್ಲ. ಬಾಗಿಲ ಮುಂದೆಯೇ ನಿಂತೆ.

"ಮೇಷ್ಟ್ರು ನಿಮಗೇನಾಗಬೇಕು?"

"ಏನೂ ಇಲ್ಲ" ಅಂದು, ಸೀರೆಯ ಗಂಟು ಕಂಕುಳಿಗೆ ಒತ್ತಿಕೊಂಡು ಬಸ್ಸಿಗೆ ತಿರುಗಿದೆ.