ಹಗ್ಗ ಹಿಡಿದವರು

ಎ.ಸಿ. ಆಫ್ ಮಾಡಿದರೆ ಸಾಕು, ನನ್ನ ಕೋಣೆಯಲ್ಲಿ ಕಡಲ ಕೆಸರಿನ ವಾಸನೆ ಏಳುತ್ತದೆ. ಬಾಗಿಲ ಹಿಂದಿನ ಶೂವಿನದು. ಒಂದೇ ಶೂ, ಎಡಗಾಲಿನದು. ಬಲಗಾಲಿನದು ಕತಾರಿನ ಉತ್ತರದ ಕಡಲಂಚಿನಲ್ಲಿ ಎಲ್ಲೋ ಹೂತುಕೊಂಡಿದೆ. ಎರಡು ಸಲ ತೊಳೆದರೂ ವಾಸನೆ ಹೋಗಿಲ್ಲ, ಬಿಸಾಡಲು ಮನಸ್ಸೂ ಬಂದಿಲ್ಲ. ಒಂಟಿ ಶೂ ಯಾಕೆ ಇಟ್ಟುಕೊಂಡಿದ್ದೀರಿ ಎಂದು ನೀವು ಕೇಳಬಹುದು. ಹಾಗೆ ಕೇಳುವವರು ಯಾರೂ ಈ ಕೋಣೆಗೆ ಬರುವುದಿಲ್ಲ, ಅದು ಬೇರೆ ಮಾತು.

ಮುಐದರ್ ಬಡಾವಣೆಯ ಹಳೆಯ ವಿಲ್ಲಾ ಒಂದನ್ನು ಪ್ಲೈವುಡ್ ಹಾಕಿ ತುಂಡು ತುಂಡು ಮಾಡಿದ ಕೋಣೆಗಳಲ್ಲಿ ನನ್ನದೂ ಒಂದು. ಪಕ್ಕದ ಕೋಣೆಯವನ ಕೆಮ್ಮು ನನಗೆ ಚೆನ್ನಾಗಿ ಗೊತ್ತು. ಹೆಸರು ಗೊತ್ತಿಲ್ಲ.

ಮಾತಿಗೆ ಸಿಗುತ್ತಿದ್ದವರು ಹಮೀದಾಕ ಒಬ್ಬರೇ. ಉಳ್ಳಾಲದ ಬ್ಯಾರಿ, ಅಲ್ ಅಜೀಜಿಯಾದ ಅರಬರ ಮನೆಯೊಂದರಲ್ಲಿ ಮೂವತ್ತು ವರ್ಷ ಡ್ರೈವರ್ ಆಗಿದ್ದವರು. ಆ ಮನೆಯ ಯಜಮಾನರ ಅಜ್ಜ ಮುತ್ತಿಗಾಗಿ ಕಡಲಿಗೆ ಇಳಿಯುತ್ತಿದ್ದವರಂತೆ. ಕಾರು ಓಡಿಸುತ್ತ ಆ ಕಥೆ ಕೇಳಿ ಕೇಳಿ ಇವರಿಗೆ ಬಾಯಿಪಾಠವಾಗಿತ್ತು.

"ಕಾಲಿಗೆ ಕಲ್ಲು ಕಟ್ಟಿ ಇಳಿಯುವುದು ಮಾರಾಯ್ರೆ. ಮೈಗೆ ಒಂದು ಹಗ್ಗ. ಅದರ ತುದಿ ಹಿಡಿದು ದೋಣಿಯಲ್ಲಿ ಒಬ್ಬ ಕೂತಿರಬೇಕು. ಕೆಳಗಿನವ ಜಗ್ಗಿದ ಕೂಡಲೇ ಎಳೆಯಬೇಕು. ಮೇಲಿನವ ಬೀಡಿ ಸೇದ್ಲಿಕ್ಕೆ ಎದ್ದು ಹೋದನೋ, ಖಲಾಸ್!"

ಹಮೀದಾಕನಿಗೆ ಇನ್ನೊಂದು ಚಾಳಿ ಇತ್ತು, ಮಿಸ್ ಕಾಲ್. ಅವರು ಬಂದ ಕಾಲದಲ್ಲಿ ಫೋನು ದುಬಾರಿ. ಕ್ಷೇಮವಾಗಿದ್ದೇನೆ ಎಂದು ಊರಿಗೆ ತಿಳಿಸಲು ಎರಡು ರಿಂಗ್ ಕೊಟ್ಟು ಕಟ್ ಮಾಡುವುದು. ಅಲ್ಲಿಂದಲೂ ಎರಡು ರಿಂಗ್. ಮಾತು ಮುಗಿಯಿತು. ಈಗ ಎಷ್ಟು ಬೇಕಾದರೂ ಮಾತಾಡಬಹುದಾದರೂ ಅವರು ಅದನ್ನು ಬಿಟ್ಟಿರಲಿಲ್ಲ.

ಉತ್ತರದ ಕಡಲಂಚಿನ ಒಂದು ದ್ವೀಪದ ಸುದ್ದಿ ಹೇಳಿದವರೂ ಅವರೇ. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ಒಂದು ಕಲ್ಲುದಿಬ್ಬ. ಮುತ್ತಿನವರು ಒಡೆದೆಸೆದ ಚಿಪ್ಪುಗಳು ಅಲ್ಲಿ ಈಗಲೂ ಬಿದ್ದಿವೆಯಂತೆ. ಕಡಲಿನ ಇಳಿತದ ಹೊತ್ತಿಗೆ ನಡೆದೇ ಹೋಗಬಹುದು. ಒಂದು ಶುಕ್ರವಾರ ಹೊರಟೆ.

"ಮುಟ್ಟಿದ ಕೂಡ್ಲೆ ಒಂದು ಮಿಸ್ ಕಾಲ್ ಕೊಡಿ," ಎಂದರು.

"ನಾನೇನು ಮಗುವಾ ಹಮೀದಾಕ? ಮಲ್ಪೆಯ ಕಡಲು ನೋಡಿಯೇ ದೊಡ್ಡವನಾದದ್ದು."

"ಹೌದಪ್ಪ, ದೊಡ್ಡವರು. ಆದ್ರೂ ಕೊಡಿ."

ಕೊಡಲಿಲ್ಲ. ಹಾದಿಯಲ್ಲಿ ಪಾದ ಮುಳುಗುವಷ್ಟೇ ನೀರು. ದ್ವೀಪದಲ್ಲಿ ನನ್ನ ಹೊರತು ನರಪಿಳ್ಳೆ ಇರಲಿಲ್ಲ. ಒಡೆದ ಚಿಪ್ಪುಗಳ ಒಳಮೈ ಬಿಸಿಲಿಗೆ ಮಿಂಚುತ್ತಿತ್ತು. ಊರಲ್ಲಿ ಅಮ್ಮನ ಜೊತೆ ಮರುವಾಯಿ ಚಿಪ್ಪು ಹೆಕ್ಕಿದ ಸೊಂಟವಲ್ಲವೆ, ಬಗ್ಗಿದ್ದೇ ಬಗ್ಗಿದ್ದು. ಆಗಾಗ ತಲೆ ಎತ್ತಿ ಎದುರಿನ ಕಡಲು ನೋಡುತ್ತಿದ್ದೆ. ಶಾಂತವಾಗಿತ್ತು. ನಮ್ಮೂರ ಕಡಲು ಬರುವಾಗ ಎದುರಿನಿಂದ, ಅಬ್ಬರಿಸುತ್ತ ಬರುತ್ತದೆ. ನನಗೆ ಗೊತ್ತಿದ್ದ ಕಡಲು ಅದೊಂದೇ.

ಫೋನು ಎರಡು ರಿಂಗಾಗಿ ನಿಂತಿತು. ಸ್ವಲ್ಪ ಬಿಟ್ಟು ಮತ್ತೆ ಎರಡು. ಈ ಮುದುಕನ ಕಾಟವೇ ಎಂದುಕೊಂಡೆ. ಮೂರನೆಯ ಸಲ ರಿಂಗ್ ನಿಲ್ಲಲೇ ಇಲ್ಲ. ಬಿಸಿಲಿಗೆ ಹೆಸರು ಕಾಣಿಸದೆ, ಬೆಳಕಿಗೆ ಬೆನ್ನು ಹಾಕಿ ತಿರುಗಿದೆ.

ನಾನು ನಡೆದು ಬಂದ ಹಾದಿ ಇರಲಿಲ್ಲ. ಅಷ್ಟು ಹೊತ್ತು ಬೆನ್ನ ಹಿಂದಿದ್ದ ಕಾಂಡ್ಲಾ ಗಿಡಗಳು ಅರ್ಧ ಮುಳುಗಿದ್ದವು. ಒಂದು ಅಲೆಯಿಲ್ಲ, ಒಂದು ಸದ್ದಿಲ್ಲ. ದಿಬ್ಬದ ಮೇಲೆ ಕೂತಿದ್ದರೆ ನೀರು ತಾನೇ ಇಳಿಯುತ್ತಿತ್ತು ಎಂದು ಆಮೇಲೆ ಯಾರೋ ಹೇಳಿದರು. ಹೆದರಿದವನಿಗೆ ಅದೆಲ್ಲ ಹೊಳೆಯುತ್ತದೆಯೆ? ಇಳಿದುಬಿಟ್ಟೆ. ಮೊದಲು ಮೊಣಕಾಲು, ಆಮೇಲೆ ಎದೆ. ನಡುವೆ ಬಲಗಾಲು ಕೆಸರಿನಲ್ಲಿ ಹೂತು ಬರಲೊಲ್ಲದು. ನೀರು ಗದ್ದಕ್ಕೆ ಬಂತು. ಆಗ ಬಂದ ಯೋಚನೆ ಸಾವಿನದಲ್ಲ, ಲೆಕ್ಕದ್ದು: ಇಂದು ಶುಕ್ರವಾರ, ನಾಳೆ ರಜೆ. ನಾನಿಲ್ಲವೆಂದು ಆಫೀಸಿಗೆ ತಿಳಿಯುವುದು ಭಾನುವಾರ. ತಲೆಯ ಮೇಲೆ ಎತ್ತಿ ಹಿಡಿದ ಫೋನು ಮಾತ್ರ ಮತ್ತೆ ಮತ್ತೆ ಹೊಡೆದುಕೊಳ್ಳುತ್ತಿತ್ತು. ಶೂ ಬಿಟ್ಟುಕೊಟ್ಟು ಕಾಲು ಕಿತ್ತುಕೊಂಡೆ.

ದಡದಲ್ಲಿ ಕೂತು ಫೋನ್ ಎತ್ತಿದೆ.

"ಮುಟ್ಟಿದ್ರಾ?"

"ಈಗ ಮುಟ್ಟಿದೆ ಹಮೀದಾಕ."

"ಮಾತಾಡ್ಲಿಕ್ಕೆ ಅಲ್ಲ ಮಾರಾಯ್ರೆ ಮಿಸ್ ಕಾಲ್. ಹಗ್ಗ ಉಂಟಾ ಅಂತ ನೋಡ್ಲಿಕ್ಕೆ."

ಈಗಲೂ ಬಾತ್‌ರೂಮಿನಲ್ಲಿ ಬಕೆಟ್ ತುಂಬುವುದನ್ನು ನಿಂತು ನೋಡಲಾರೆ. ಹಮೀದಾಕ ಕಳೆದ ತಿಂಗಳು ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೋದರು. ಶುಕ್ರವಾರ ಜುಮ್ಮಾ ನಮಾಜು ಮುಗಿಸಿ ಉಳ್ಳಾಲದಿಂದ ಎರಡು ರಿಂಗ್ ಕೊಡುತ್ತಾರೆ. ಇವತ್ತೂ ಕೊಟ್ಟರು. ನಾನು ಎಲ್ಲಿಗೂ ಹೋಗಿರಲಿಲ್ಲ, ಹಾಸಿಗೆಯಲ್ಲೇ ಇದ್ದೆ. ಆದರೂ ಎರಡು ರಿಂಗ್ ಕೊಟ್ಟು ಕಟ್ ಮಾಡಿದೆ.

ಆಮೇಲೆ ಕೋಣೆ ತೀರಾ ನಿಶ್ಶಬ್ದವೆನಿಸಿತು. ಕಿವಿಗೊಟ್ಟೆ. ಪ್ಲೈವುಡ್ಡಿನ ಆಚೆಯ ಕೆಮ್ಮು ಬೆಳಗಿನಿಂದ ಕೇಳಿಸಿರಲೇ ಇಲ್ಲ. ನನಗೇನು ಎಂದುಕೊಂಡು ಸ್ವಲ್ಪ ಹೊತ್ತು ಮಲಗಿದೆ. ಆಗಲಿಲ್ಲ. ಒಂಟಿ ಶೂವನ್ನು ದಾಟಿ ಹೊರಗೆ ಹೋಗಿ ಪಕ್ಕದ ಬಾಗಿಲಿಗೆ ಎರಡು ಸಲ ಬಡಿದೆ. ನಿಂತೆ. ಮತ್ತೆ ಬಡಿದೆ.

ಒಳಗಿನಿಂದ ಕೆಮ್ಮು ಕೇಳಿಸಿತು. ಬಾಗಿಲು ತೆರೆಯಿತು. ಹೆಸರು ಕೇಳಿದೆ.