ಬೇಲೂರಿನಲ್ಲಿದ್ದ ಪಾಸ್‌ಪೋರ್ಟ್

ಕೋವಿಡ್ ಮುಗಿದ ಮರುವರ್ಷ. ಅರಸೀಕೆರೆ ರೈಲು ನಿಲ್ದಾಣದ ಹತ್ತಿರ ನನ್ನದೊಂದು ಟಿಕೆಟ್ ಬುಕಿಂಗ್ ಕಚೇರಿ. ರೈಲು, ವಿಮಾನ ಎರಡೂ. ಹಳೇಬೀಡಿನ ಸವಿತಾ ಅಂದು ರಾತ್ರಿ ಎಂಟಕ್ಕೆ ಮಂಗಳೂರಿನಿಂದ ಮಸ್ಕತ್‌ಗೆ ಹಾರಬೇಕಿತ್ತು. ಅಲ್ಲಿದ್ದ ತಂಗಿಗೆ ಮರುದಿನ ಬೆಳಿಗ್ಗೆ ಹೊಟ್ಟೆಯ ಆಪರೇಷನ್. ತಂಗಿಯ ಗಂಡನಿಗೆ ಹಡಗಿನಲ್ಲಿ ಕೆಲಸ, ಸಮುದ್ರದ ಮೇಲಿದ್ದ. ವರ್ಷದ ಮಗುವನ್ನು ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ.

ಮಧ್ಯಾಹ್ನ ಹನ್ನೆರಡಕ್ಕೆ ವಿಮಾನ ಕಂಪನಿಯ ಸಂದೇಶ ಬಂತು: ಮಂಗಳೂರಿನ ವಿಮಾನ ರದ್ದು, ಬೆಂಗಳೂರಿನಿಂದ ಆರೂವರೆಯ ವಿಮಾನದಲ್ಲಿ ಸೀಟು ಕೊಟ್ಟಿದ್ದೇವೆ. ಫೋನ್ ಮಾಡಿದೆ.

“ಎರಡು ಏರ್‌ಪೋರ್ಟ್ ಮಧ್ಯೆ ಒಂದು ಗಂಟೆ ಅಷ್ಟೇ ಸರ್,” ಎಂದರು ಅಲ್ಲಿಯ ಸಿಬ್ಬಂದಿ.

“ರೆಕ್ಕೆ ಇದ್ದೋರಿಗೆ ಮೇಡಂ. ನಮ್ಮೋರು ಹಳೇಬೀಡಲ್ಲಿದ್ದಾರೆ.”

ರಸ್ತೆಯಲ್ಲಿ ಆ ಎರಡು ನಿಲ್ದಾಣಗಳ ನಡುವೆ ಮುನ್ನೂರೆಪ್ಪತ್ತು ಕಿಲೋಮೀಟರಿನ ಆಸುಪಾಸು, ಘಾಟಿಯೂ ಸೇರಿ ಎಂಟು ಗಂಟೆ. ಪುಣ್ಯಕ್ಕೆ ಸವಿತಾ ಇನ್ನೂ ಮನೆ ಬಿಟ್ಟಿರಲಿಲ್ಲ. ಮಂಗಳೂರಿಗೆಂದು ಗೊತ್ತುಮಾಡಿದ್ದ ಬಾಡಿಗೆ ಡ್ರೈವರ್ ನಾಗರಾಜನ ಕಾರು ಬಾಗಿಲಲ್ಲಿತ್ತು. ಹಳೇಬೀಡಿನಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಸುಮಾರು ಐದು ಗಂಟೆ. ಬೋರ್ಡಿಂಗ್ ಪಾಸ್ ಕೊಡುವ ಚೆಕ್-ಇನ್ ಕೌಂಟರ್ ಮುಚ್ಚುವುದು ಐದೂವರೆಗೆ. ಈ ಕ್ಷಣ ಹೊರಟರೆ ಸಿಗಬಹುದು.

“ಸಾರ್, ಬ್ಯಾಗ್ ಬೇಲೂರಲ್ಲೈತೆ,” ಎಂದಳು ಸವಿತಾ ಫೋನಿನಲ್ಲಿ. “ಪಾಸ್‌ಪೋರ್ಟೂ ಅದ್ರಲ್ಲೇ.”

ಹೊರಡುವ ದಿನ ಗಳಿಗೆ ಸರಿಯಿಲ್ಲದಿದ್ದರೆ, ಮುಂಚೆಯೇ ಒಳ್ಳೆಯ ದಿನ ನೋಡಿ, ಹೋಗುವ ದಿಕ್ಕಿನಲ್ಲಿ ಬೇರೊಬ್ಬರ ಮನೆಯಲ್ಲಿ ಗಂಟು ಇಟ್ಟುಬರುವ ಪದ್ಧತಿಯುಂಟು. ಅಲ್ಲಿಗೆ ಪ್ರಯಾಣ ಶುರುವಾಯಿತೆಂದೇ ಅರ್ಥ. ಮಂಗಳೂರು ಪಶ್ಚಿಮಕ್ಕಿದೆಯೆಂದು ಸವಿತಾಳ ತಾಯಿ ಪುಟ್ಟಮ್ಮ ಬ್ಯಾಗನ್ನು ಬೇಲೂರಿನ ತಮ್ಮನ ಮನೆಗೆ ಕಳಿಸಿದ್ದರು. ಈಗ ಹೋಗಬೇಕಾದದ್ದು ಪೂರ್ವಕ್ಕೆ.

“ಮಾವ ಬೈಕಲ್ಲಿ ಹಳೇಬೀಡಿಗೆ ತರಲಿ,” ಎಂದೆ.

ಪುಟ್ಟಮ್ಮ ಫೋನ್ ಕಿತ್ತುಕೊಂಡರು. “ಹೊಂಟ ಗಂಟು ಮನೆ ಕಡೆ ತಿರುಗಬಾರ್ದು ಕಣಪ್ಪ. ನಾಳೆ ಅಲ್ಲಿ ಮಗಳ ಹೊಟ್ಟೆ ಕುಯ್ತಾರೆ.”

“ಹಂಗಾದ್ರೆ ಕೂಸನ್ನ ಯಾರ ಕೈಗೆ ಕೊಡ್ತಾಳಮ್ಮ ಅವಳು?” ರೇಗಿದೆ. ಆ ಕಡೆ ಅಳು ಕೇಳಿಸಿತು.

ಮುಂದಿನ ಮಾತು ಯಾರದ್ದೆಂದು ನನಗೆ ಖಾತ್ರಿಯಿಲ್ಲ. ನಾಗರಾಜ ತನ್ನದೆನ್ನುತ್ತಾನೆ. ನಾನು ಹಲವರೆದುರು ನನ್ನದೆಂದೇ ಹೇಳಿದ್ದೇನೆ. ಸವಿತಾಳದೂ ಇರಬಹುದು. “ಗಂಟು ಮನೆಗೆ ಬರೋದ್ ಬ್ಯಾಡ. ಅದು ಬೇಲೂರಿಂದ ಹಾಸನಕ್ ಹೋಗ್ಲಿ, ಕಾರು ಇಲ್ಲಿಂದ ಹಾಸನಕ್ ಹೋಗ್ಲಿ.” ಕಾಯುವ ಅರ್ಧ ಗಂಟೆ ಉಳಿಯಿತು. ಪುಟ್ಟಮ್ಮನೂ ಒಪ್ಪಿದರು.

ಹಾಸನದ ಬೈಪಾಸಿನಲ್ಲಿ ಬ್ಯಾಗು ಕಾರಿನ ಕಿಟಕಿಯಿಂದ ಒಳಗೆ ಬಂತಂತೆ. ನೆಲಮಂಗಲದಿಂದ ನಾಗರಾಜ, “ಲಾರಿ ಸಾಲು ಐತೆ ಅಣ್ಣ, ಜರುಗ್ತಾನೇ ಇಲ್ಲ,” ಎಂದ. ಅಲ್ಲಿಂದಾಚೆ ಯಾರೂ ಫೋನ್ ಎತ್ತಲಿಲ್ಲ. ಐದೂವರೆ ಆಯಿತು. ಆರು ಆಯಿತು. ಸವಿತಾಳ ಫೋನ್ ಸ್ವಿಚ್ ಆಫ್. ವಿಮಾನ ಹತ್ತಿದಳೋ, ಬ್ಯಾಟರಿ ಮುಗಿಯಿತೋ? ಕೊನೆಗೆ ನಾಗರಾಜ ಸಿಕ್ಕ.

“ಒಳಗಂತೂ ಓಡಿದ್ರು. ಹತ್ತಿದ್ರೋ ಇಲ್ವೋ ಯಾರಿಗೊತ್ತು? ಗಾಡಿ ನಿಲ್ಲಿಸ್ಬಾರ್ದು ಅಂತ ನನ್ನ ಅಟ್ಟಿಬಿಟ್ರು.”

ಪುಟ್ಟಮ್ಮ ಕೇಳಿದಾಗಲೆಲ್ಲ “ಹತ್ತಿರ್ತಾಳೆ” ಎಂದೆ.

ಮರುದಿನ ಬೆಳಿಗ್ಗೆ ಅವರದೇ ಕರೆ. “ಕೂಸು ಸವಿತಾನ ಹೆಗಲ ಮ್ಯಾಲೆ ನಿದ್ದೆ ಮಾಡ್ತೈತಂತೆ. ಚಿಕ್ಕೋಳ್ನ ಆಪರೇಷನ್‌ಗೆ ಒಳಗೆ ಕರ್ಕಂಡ್ ಹೋದ್ರಂತೆ.” ಆಪರೇಷನ್ ಮುಗಿಯಿತೆಂಬ ಸುದ್ದಿ ಬರುವ ತನಕ ಅಂದು ನಾನು ಬೇರೆ ಟಿಕೆಟ್ ಮಾಡಲಿಲ್ಲ.

ವಿಮಾನ ಕಂಪನಿ ದೂರವನ್ನು ನಿಲ್ದಾಣದಿಂದ ಅಳೆಯುತ್ತದೆ, ನಾನು ಮನೆಬಾಗಿಲಿನಿಂದ ಅಳೆಯುತ್ತಿದ್ದೆ. ಎರಡೂ ತಪ್ಪು. ಈಗ ಟಿಕೆಟ್ ಮಾಡುವ ಮುಂಚೆ ಕೇಳುತ್ತೇನೆ: “ಪಾಸ್‌ಪೋರ್ಟ್ ಈಗ ಯಾರ ಮನೇಲೈತೆ?” ಹೆಚ್ಚಿನವರು ನಗುತ್ತಾರೆ. ಅಪರೂಪಕ್ಕೊಬ್ಬರು ನಗದೆ, ಎದ್ದು ಹೊರಗೆ ಹೋಗಿ ಮನೆಗೆ ಫೋನ್ ಮಾಡುತ್ತಾರೆ.